ಹೆಸರು ತಿಳಿಯದ ಮುಳ್ಳಿನ ಗಿಡವನ್ನು ಗುರುತಿಸುವ ಬಗೆ

ಮಲೆನಾಡಿನ ಮನೆಗಳಿಗೆ ಹೂವಿನ ಗಿಡಗಳು ನರ್ಸರಿಗಿಂತ ಹೆಚ್ಚಾಗಿ ನೆಂಟರಿಷ್ಟರ ಅಂಗಳದಿಂದಲೇ ಬರುತ್ತವೆ. ತೀರ್ಥಹಳ್ಳಿಯ ಮದುವೆಗೆ ಹೋದವರು ಒಂದು ಕಡ್ಡಿಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು ಸಾಗರಕ್ಕೆ ತರುತ್ತಾರೆ. ಕಡ್ಡಿ ಚಿಗುರುತ್ತದೆ, ಆದರೆ ಅದರ ಹೆಸರು ದಾರಿಯಲ್ಲೇ ಉಳಿದುಹೋಗಿರುತ್ತದೆ. ಮುಳ್ಳಿನ ಗಿಡಗಳ ವಿಷಯದಲ್ಲಿ ಹೀಗೆ ಬಿಟ್ಟುಬಿಡುವುದು ಸರಿಯಲ್ಲ, ಏಕೆಂದರೆ ಇವುಗಳಲ್ಲಿ ಕೆಲವುಗಳ ಹಾಲು ಕಣ್ಣಿಗೆ ಅಪಾಯಕಾರಿ, ಕೆಲವುಗಳ ಕಾಯಿ ವಿಷಕಾರಿ.

ಹೂ ಬಿಡಲಿ, ಆಮೇಲೆ ನೋಡೋಣ ಎಂದು ಕಾಯುವ ಅಗತ್ಯವಿಲ್ಲ. ನಮ್ಮ ಮಳೆಗಾಲದಲ್ಲಿ ಕಾಗದದ ಹೂವಿನ ಬಳ್ಳಿಯೂ ಬರೀ ಎಲೆ ಹೊತ್ತು ನಿಂತಿರುತ್ತದೆ. ಮುಳ್ಳಾದರೋ ಹನ್ನೆರಡು ತಿಂಗಳೂ ಇರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಮುಳ್ಳಿನ ಬುಡ. ಬಲಿತ ಮುಳ್ಳೊಂದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಅದು ಟಕ್ಕನೆ ಕಳಚಿ, ತೊಗಟೆಯ ಮೇಲೆ ಸಣ್ಣ ನುಣುಪಾದ ಕಲೆ ಮಾತ್ರ ಉಳಿದರೆ ಅದು ಸಿಪ್ಪೆಯ ಮುಳ್ಳು. ಗುಲಾಬಿಯದು ಈ ಬಗೆ. ಜಗ್ಗದೆ ನಿಂತು, ಬಲವಂತ ಮಾಡಿದರೆ ತೊಗಟೆಯನ್ನೇ ಸೀಳಿಕೊಂಡು ಬಂದರೆ ಅದು ರೆಂಬೆಯೇ ಮುಳ್ಳಾದದ್ದು. ಇಂಥದ್ದು ಹೆಚ್ಚಾಗಿ ಎಲೆಯ ಕಂಕುಳಿನಲ್ಲಿ, ಅಂದರೆ ಚಿಗುರು ಬರಬೇಕಾದ ಜಾಗದಲ್ಲೇ ಹುಟ್ಟುತ್ತದೆ. ಕಾಗದದ ಹೂ, ಲಿಂಬೆ, ಕವಳಿ ಈ ಗುಂಪಿನವು. ಮುಳ್ಳುಗಳು ಮೆತ್ತನೆಯ ಉಣ್ಣೆಯಂಥ ಚುಕ್ಕೆಯಿಂದ ಗುಂಪಾಗಿ ಹೊರಟಿದ್ದರೆ ಗಿಡ ಪಾಪಾಸುಕಳ್ಳಿಯ ಕುಲದ್ದು, ಅದಕ್ಕೆ ಅಗಲವಾದ ಎಲೆಗಳಿದ್ದರೂ ಸರಿಯೇ.

ಎರಡನೆಯ ಪರೀಕ್ಷೆ ಹಾಲಿನದು. ಕೈಗವಸು ಹಾಕಿಕೊಂಡು, ಮುಖವನ್ನು ದೂರವಿಟ್ಟು, ಒಂದು ಎಲೆಯನ್ನು ತೊಟ್ಟಿನ ಬಳಿ ಮುರಿಯಿರಿ. ಕನ್ನಡದಲ್ಲಿ ಪಾಪಾಸುಕಳ್ಳಿ, ಎಲೆಗಳ್ಳಿ ಎರಡನ್ನೂ ಕಳ್ಳಿ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಬಿಳಿ ಹಾಲು ಒಸರಿದರೆ ಅದು ಸಾಮಾನ್ಯವಾಗಿ ಎಲೆಗಳ್ಳಿಯ ಕಡೆಯದು. ಕುಂಡಗಳಲ್ಲಿ ಬೆಳೆಸುವ, ಮಡಗಾಸ್ಕರ್ ಮೂಲದ ಯೂಫೋರ್ಬಿಯಾ ಮಿಲಿ ಇದೇ ಕುಲದ್ದು. ಅದರ ಬಣ್ಣದ ಎಸಳುಗಳು ಎರಡೆರಡಾಗಿ ಜೋಡಿಯಾಗಿರುತ್ತವೆ, ಕಾಗದದ ಹೂವಿನಲ್ಲಿ ಮೂರು ಮೂರಾಗಿ. ಎರಡರಲ್ಲೂ ಅವು ನಿಜವಾದ ದಳಗಳಲ್ಲ. ಯೂಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗಲೇಬೇಕು.

ಚಿಕ್ಕಮ್ಮನ ಮನೆಯಿಂದ ತಂದ ಒಂದು ಗಿಡವನ್ನು ನಾನು ಎರಡು ವರ್ಷ ಲಿಂಬೆಯ ಜಾತಿ ಎಂದೇ ನಂಬಿದ್ದೆ. ಎಲೆ ದಪ್ಪ, ಹೊಳಪಿನ ಕಡುಹಸಿರು, ಮುಳ್ಳು ಗಟ್ಟಿ. ಆದರೆ ಒಂದು ದಿನ ಎಲೆಯನ್ನು ಹೊಸಕಿ ಮೂಸಿದಾಗ ಲಿಂಬೆಯ ಪರಿಮಳವಿರಲಿಲ್ಲ, ಬೆಳಕಿಗೆ ಹಿಡಿದಾಗ ಲಿಂಬೆಯ ಎಲೆಯಲ್ಲಿ ಕಾಣುವ ಎಣ್ಣೆಯ ಚುಕ್ಕೆಗಳೂ ಇರಲಿಲ್ಲ. ಎಲೆಗಳು ಎದುರುಬದುರಾಗಿದ್ದವು, ಮುರಿದಲ್ಲಿ ಹಾಲು ಬಂತು, ಮುಳ್ಳಿನ ತುದಿ ಕವೆಗೋಲಿನಂತೆ ಎರಡಾಗಿ ಸೀಳಿತ್ತು. ಇಷ್ಟೂ ಲಕ್ಷಣ ಒಟ್ಟಾಗಿ ನಮ್ಮ ಬೆಟ್ಟದ ಕವಳಿಯ ಕಡೆಗೇ ಬೆರಳು ತೋರಿಸುತ್ತಿದ್ದವು. ಮಲ್ಲಿಗೆಯಂಥ ದೊಡ್ಡ ಬಿಳಿ ಹೂ, ಆಮೇಲೆ ಕವಳಿಗಿಂತ ಎಷ್ಟೋ ದಪ್ಪದ ಕೆಂಪು ಹಣ್ಣು ಬಂದಾಗ ಅದು ಕವಳಿಯ ದಾಯಾದಿ, ದಕ್ಷಿಣ ಆಫ್ರಿಕಾದ ನೇಟಲ್ ಪ್ಲಮ್ ಎಂಬುದು ಖಚಿತವಾಯಿತು.

ಹಾಲಿಲ್ಲದ, ಎದುರುಬದುರು ಎಲೆಯ ಗಿಡವಾದರೆ ಇನ್ನೆರಡನ್ನು ನೆನಪಿಡಿ. ಹಳದಿ ಹೂ, ಕಂಕುಳಿನಲ್ಲಿ ಸಣ್ಣ ಚೂಪು ಮುಳ್ಳುಗಳ ಗೊಂಚಲು ಇದ್ದರೆ ಮುಳ್ಳುಗೋರಂಟೆ. ನೇರಳೆ ಹೂವಿನ ಜೊತೆ ಚಿನ್ನದ ಬಣ್ಣದ ಮಣಿಗಳಂಥ ಕಾಯಿಗೊಂಚಲು ಇದ್ದರೆ ಡ್ಯುರಾಂಟಾ. ಇದರ ಕಾಯಿ ವಿಷ, ಮಕ್ಕಳಿರುವ ಮನೆಯಲ್ಲಿ ಕಾಯಿ ಕಟ್ಟುವ ಮೊದಲೇ ಸವರುವುದು ಒಳ್ಳೆಯದು.

ಇಷ್ಟಾದರೂ ತಿಳಿಯದಿದ್ದರೆ ಬಲ್ಲವರಿಗೆ ತೋರಿಸಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಅಥವಾ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ಫೋಟೋ ಕಳಿಸುವವರು ಹೂವಿನ ಚಿತ್ರವೊಂದನ್ನೇ ಕಳಿಸದೆ, ಮುಳ್ಳಿನ ಬುಡ, ಎಲೆಗಳ ಜೋಡಣೆ, ಎಲೆಯ ಹಿಂಬದಿ ಇವುಗಳನ್ನು ಪಕ್ಕದಲ್ಲೊಂದು ನಾಣ್ಯವಿಟ್ಟು ತೆಗೆಯಬೇಕು. ಗಿಡವನ್ನೇ ಒಯ್ಯುವುದಾದರೆ ಗೇಣುದ್ದದ ರೆಂಬೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಹರಡಿ, ಮೇಲೆ ಭಾರವಿಟ್ಟು ಒಣಗಿಸಿ. ಮಳೆಗಾಲದಲ್ಲಿ ಆ ಕಾಗದವನ್ನು ದಿನವೂ ಬದಲಿಸದಿದ್ದರೆ ರೆಂಬೆಗೆ ಬೂಷ್ಟು ಹಿಡಿಯುತ್ತದೆ.