ಗ್ಯಾಸ್ ಕುಟ್ಟಿ

ಮೈಸೂರಿನಿಂದ ಕೇರಳದ ಕೋೞಿಕ್ಕೋಡಿಗೆ (ಕ್ಯಾಲಿಕಟ್) ಬಂದಾಗ ನನಗೆ 41, ಮಗಳಿಗೆ 6. ಊರಿನ ಹೆಸರೇ ಮೊದಲ ಪರೀಕ್ಷೆ. ನಾನು ‘ಕೋಳಿಕ್ಕೋಡ್’ ಅನ್ನುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ಆದರೆ ಬಾಯಿ ಬಿಟ್ಟ ತಕ್ಷಣ "ಬೆಂಗಳೂರಾ?" ಎಂದು ಕೇಳುತ್ತಿದ್ದರು.

ಎಂಟು ತಿಂಗಳಲ್ಲಿ ಮಗಳ ಮಲಯಾಳಂ ಪಕ್ಕದ ಮನೆ ಮಕ್ಕಳದ್ದೇ ಆಗಿಹೋಯಿತು. ಗೋಡೆಯಾಚೆಯಿಂದ ಕೇಳಿದರೆ ನಮ್ಮವಳು ಯಾರು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. "ಅಮ್ಮಾ, ಮಳ ಅಲ್ಲ, ಮೞ!" ಅನ್ನುತ್ತಿದ್ದಳು. ಹೇಗೆ ಹೇಳೋದು ಅಂದರೆ, "ಸುಮ್ನೆ ಹೇಳು, ಬರುತ್ತೆ." ಮಕ್ಕಳಷ್ಟು ಕೆಟ್ಟ ಮೇಷ್ಟ್ರು ಇನ್ನೊಬ್ಬರಿಲ್ಲ.

ಈ ೞ ನಮ್ಮದೂ ಆಗಿತ್ತು, ಅಲ್ವಾ. ಹಳಗನ್ನಡದ ಮೞೆ, ಬಾೞೆ ಎಲ್ಲ ಆಮೇಲೆ ಮಳೆ, ಬಾಳೆ ಆದವು. ಮಲಯಾಳಿಗಳು ಇವತ್ತಿಗೂ ಮೞ, ವಾೞ ಅನ್ನುತ್ತಾರೆ. ನನಗೆ ದಾರಿ ತೋರಿಸಿದವರು ಪಕ್ಕದ ಮನೆಯ ಚೇಚ್ಚಿ, ಅಂದರೆ ಅಕ್ಕ. ‘ಳ’ ಹೇಳಲು ನಾಲಿಗೆ ಹಿಂದಕ್ಕೆ ಮಡಚಿ, ಅಂಗುಳಿಗೆ ತಾಗುವ ಮುಂಚೆಯೇ ನಿಲ್ಲಿಸಬೇಕು. ತಾಗಿತೋ, ಕೆಟ್ಟಿತು. ಪಾತ್ರೆ ತೊಳೆಯುತ್ತಾ ‘ಪೞಂ, ಪುೞ, ಏೞ್’ ಎಂದು ಹೇಳಿಕೊಂಡೆ. ಎರಡು ತಿಂಗಳಲ್ಲಿ ಬಂತು. ಬಂದ ಖುಷಿಯಲ್ಲಿ ಮೀನಿನವರ ಹತ್ತಿರ "ಕೋೞಿಕ್ಕೋಡ್" ಅಂದರೆ, ಆ ಮನುಷ್ಯ "ಕೋಯಿಕ್ಕೋಡ್" ಅನ್ನೋದೇ! ಮಲಬಾರಿನಲ್ಲಿ ಎಷ್ಟೋ ಜನರ ಬಾಯಲ್ಲಿ ಅದು ‘ಯ’. ಮೞ ಅಲ್ಲ, ಮಯ. ಸ್ಥಳೀಯರ ಹಾಗೆ ಮಾತಾಡಬೇಕು ಅಂತ ಹೊರಟವಳಿಗೆ ಯಾವ ಸ್ಥಳೀಯರು ಅನ್ನೋದೇ ಪ್ರಶ್ನೆಯಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಇಲ್ಲಿ ಸಿಲಿಂಡರಿಗೆ ‘ಗ್ಯಾಸ್ ಕುಟ್ಟಿ’ ಅನ್ನುತ್ತಾರೆ ಎಂದು ನಾನು ಕೇಳಿಸಿಕೊಂಡಿದ್ದೆ. ಒಂದು ವರ್ಷ ಹಾಗೇ ಹೇಳಿದೆ. ಒಂದು ದಿನ ಚೇಚ್ಚಿ ನಗು ತಡೆಯಲಾರದೆ ಹೇಳಿಬಿಟ್ಟರು. ಕುಟ್ಟಿ ಅಂದರೆ ಮಗು. ಒಂದು ವರ್ಷದಿಂದ ನಾನು "ಗ್ಯಾಸ್ ಮಗು ಬಂತಾ?" ಎಂದು ವಿಚಾರಿಸುತ್ತಿದ್ದೆ!

ಮಲಯಾಳಂನಲ್ಲಿ ಹೀಗೆ ಕೇಳಿಸುವ ಪದಗಳು ಮೂರು ಇವೆ. ತ-ಕಾರದ ಕುತ್ತಿ ಅಂದರೆ ಚುಚ್ಚಿದ. ಟ-ಕಾರದ್ದು ಮಗು. ಇವೆರಡರ ನಡುವೆ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ದಿಣ್ಣೆಗೆ ತಾಗಿ ಬರುವ ಮೂರನೆಯದು. ಗೂಟ, ಬಾಗಿಲಿನ ಅಗುಳಿ, ಸಿಲಿಂಡರ್ ಎಲ್ಲ ಅದೇ. ಅದನ್ನು ಬರೆಯಲು ನನ್ನ ಹತ್ತಿರ ಅಕ್ಷರ ಇಲ್ಲ, ಕೇಳಲು ಕಿವಿಯೂ ಇರಲಿಲ್ಲ. ೞ ಪೂರ್ತಿ ವಿಚಿತ್ರವಾಗಿದ್ದರಿಂದ ಕಿವಿ ಎಚ್ಚೆತ್ತಿತು. ಇದು ನಮ್ಮ ‘ಟ’ಗೆ ಹತ್ತಿರ. ಹಾಗಾಗಿ ಕಿವಿ ಅದನ್ನು ಸೀದಾ ಟ-ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿತ್ತು. ತೀರಾ ಹೊಸ ಸದ್ದಿಗಿಂತ ನಮ್ಮದನ್ನು ಹೋಲುವ ಸದ್ದೇ ದೊಡ್ಡವರಿಗೆ ಕಷ್ಟ ಎಂದು ಜೇಮ್ಸ್ ಫ್ಲೆಗೆ ಎಂಬ ಸಂಶೋಧಕರು ಹೇಳಿದ್ದನ್ನು ಆಮೇಲೆ ಓದಿದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ತೋರಿಸಿದ್ದೂ ಇಂಥದ್ದೇ. ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳು ಹಿಂದಿಯ ‘ತ’ ‘ಟ’ ಬೇರೆ ಅಂತ ಗುರುತಿಸುತ್ತವೆ. 10-12 ತಿಂಗಳಿಗೆ ಆ ಗುರುತು ಹೆಚ್ಚುಕಡಿಮೆ ಹೋಗಿರುತ್ತದೆ. ಹಾಗಿದ್ದರೆ 6 ವರ್ಷದ ನನ್ನ ಮಗಳಿಗೆ ಹೇಗೆ ವಾಪಸ್ ಬಂತು? ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಅಂತಲೇ ಅಲ್ವಾ. ಅವಳು ದಿನವಿಡೀ ಮಲಯಾಳಿ ಮಕ್ಕಳ ನಡುವೆ ಇರುತ್ತಿದ್ದಳು, ತಪ್ಪಿದರೆ ಅವರು ನಗುತ್ತಿದ್ದರು. ನನ್ನದು ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟಬಾರದು.

ಮೊದಲು ಕಿವಿ ತಿದ್ದೋಣ ಅಂದುಕೊಂಡೆ. ಚೇಚ್ಚಿ, ಅವರ ಮಗ, ಆಟೋದವರು, ಅಂಗಡಿಯವರು, ಮತ್ತೆ ನನ್ನ ಮಗಳು. ಐದೂ ಜನರಿಂದ ಆ ಮೂರೂ ಪದ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಒಬ್ಬರದೇ ದನಿ ಆದರೆ ಪದ ಬಿಟ್ಟು ಆ ದನಿಯೇ ಬಾಯಿಪಾಠ ಆಗುತ್ತದೆ, ಅದಕ್ಕೆ ಐದು ಜನ. ಮಗಳು ಹಿಂದೆ ಮುಂದೆ ಮಾಡಿ ಕೇಳಿಸುತ್ತಿದ್ದಳು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೊದಲ ದಿನ 30ಕ್ಕೆ 14. ಮೂರು ವಾರಕ್ಕೆ 26. ಕೇಳಿಸಲು ಶುರುವಾದ ಮೇಲೆ ನಾಲಿಗೆಗೆ ಜಾಸ್ತಿ ಹೇಳಿಕೊಡಬೇಕಾಗಲಿಲ್ಲ. ಹಗೂರಕ್ಕೆ ಮಾತಾಡಿದರೆ ಸರಿ ಬರುತ್ತದೆ. ಸಿಟ್ಟು ಬಂದರೆ ಮತ್ತೆ ಮೈಸೂರು.

ಇನ್ನು ಎರಡು ಥರದ ‘ನ್ನ’ ಇದೆಯಂತೆ. ಪನ್ನಿಯದ್ದು (ಹಂದಿ) ಒಂದು, ಕನ್ನಿ ತಿಂಗಳಿನದ್ದು ಇನ್ನೊಂದು. ಮಗಳು ಎರಡನ್ನೂ ಹೇಳಿ ತೋರಿಸುತ್ತಾಳೆ. ನನಗೆ ಇವತ್ತಿಗೂ ಎರಡೂ ಒಂದೇ.

ಕಳೆದ ವಾರ ಹೊಸ ಆಟೋದವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿದೆ. ಇಳಿಯುವಾಗ ಅವರು ಕೇಳಿದರು, "ಕಾಸರಗೋಡಾ?"