ಮೊಬೈಲ್ ಕಂಪನಿಗಳು ವಿಲೀನವಾದಾಗ ಗ್ರಾಹಕರು ಮಾಡಿಕೊಳ್ಳಬೇಕಾದ ಸಿದ್ಧತೆ

ನಿಮ್ಮ ಮೊಬೈಲ್ ಕಂಪನಿ ಇನ್ನೊಂದರೊಡನೆ ವಿಲೀನವಾಗಲಿದೆ ಎಂಬ ಸುದ್ದಿ ಬಂದ ಕೂಡಲೇ ಆತುರಪಡಬೇಕಾಗಿಲ್ಲ, ಏಕೆಂದರೆ ಘೋಷಣೆಗೂ ಜಾಲಗಳ ನಿಜವಾದ ಜೋಡಣೆಗೂ ನಡುವೆ ಸಾಕಷ್ಟು ಕಾಲಾವಕಾಶವಿರುತ್ತದೆ. ಅಮೆರಿಕದ ಟಿ-ಮೊಬೈಲ್ ಮತ್ತು ಸ್ಪ್ರಿಂಟ್ ಕಂಪನಿಗಳ ಒಪ್ಪಂದ 2018ರಲ್ಲಿ ಪ್ರಕಟವಾಯಿತು, ವಿಲೀನ ಪೂರ್ಣಗೊಂಡದ್ದು 2020ರ ಏಪ್ರಿಲ್‌ನಲ್ಲಿ, ಸ್ಪ್ರಿಂಟ್‌ನ ಸಿಡಿಎಂಎ (ಹಳೆಯ ಮೊಬೈಲ್ ತಂತ್ರಜ್ಞಾನ) ಜಾಲ ಸ್ಥಗಿತಗೊಂಡದ್ದು 2022ರಲ್ಲಿ.

ಮೊದಲು ನಿಮ್ಮ ಈಗಿನ ಪ್ಲಾನ್‌ನ ದರ, ಡೇಟಾ ಮಿತಿ, ವ್ಯಾಲಿಡಿಟಿ ಮತ್ತು ರೋಮಿಂಗ್ ಷರತ್ತುಗಳಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದು, ಕೊನೆಯ ಕೆಲವು ಬಿಲ್‌ಗಳೊಂದಿಗೆ ಇಟ್ಟುಕೊಳ್ಳಿ. ಮುಂದೆ ದರದ ಬಗ್ಗೆ ತಕರಾರು ಬಂದರೆ ಇದೇ ನಿಮ್ಮ ಆಧಾರ.

ಹೆಚ್ಚು ಗಮನ ಬೇಕಾದದ್ದು ಹ್ಯಾಂಡ್‌ಸೆಟ್ ಕಡೆಗೆ. ಹಳೆಯ ಜಾಲ ಮುಚ್ಚಿದಾಗ ಹೊಸ ಜಾಲದ ಬ್ಯಾಂಡ್‌ಗಳನ್ನು (ಸಿಗ್ನಲ್ ಸಾಗುವ ತರಂಗಾಂತರಗಳನ್ನು) ಹಿಡಿಯಲಾಗದ ಫೋನ್ ಸಿಗ್ನಲ್ ಕಳೆದುಕೊಳ್ಳುತ್ತದೆ. ಕೆಲವು ಫೋನ್‌ಗಳಲ್ಲಿ ಇಂಟರ್ನೆಟ್ ನಡೆದರೂ ವೋಲ್ಟಿಇ, ಅಂದರೆ 4ಜಿ ಜಾಲದ ಮೂಲಕವೇ ಕರೆ ಮಾಡುವ ಸೌಲಭ್ಯ, ಇಲ್ಲದ ಕಾರಣ ಕರೆಗಳು ಹೋಗುವುದಿಲ್ಲ. *#06# ಒತ್ತಿದರೆ ಪರದೆಯ ಮೇಲೆ ಕಾಣುವ ಐಎಂಇಐ ಸಂಖ್ಯೆಯನ್ನು (ಫೋನ್‌ನ ಗುರುತಿನ ಸಂಖ್ಯೆ) ಕಂಪನಿಯ ಅಧಿಕೃತ ಸಹಾಯವಾಣಿಗೆ ಕೊಟ್ಟು, ಫೋನ್ ಹೊಂದುತ್ತದೆಯೇ ಎಂದು ವಿಚಾರಿಸಿ. ವಯಸ್ಸಾದವರ ಕೈಯಲ್ಲಿರುವ ಕೀಪ್ಯಾಡ್ ಫೋನ್‌ಗಳನ್ನು ದಯವಿಟ್ಟು ನೀವೇ ಪರೀಕ್ಷಿಸಿ. ತುರ್ತು ಹೊತ್ತಿನಲ್ಲಿ ಅವರ ಕರೆ ನಿಲ್ಲಬಾರದು.

ಸಿಮ್ ಬದಲಿಸಬೇಕಾಗಿ ಬಂದರೆ, ಪರಿಚಿತರ ಫೋನ್ ಸಂಖ್ಯೆಗಳು ಸಿಮ್‌ನಲ್ಲೇ ಉಳಿದಿದ್ದರೆ ಮೊದಲು ಫೋನ್‌ಗೆ ನಕಲಿಸಿ. ವಿಲೀನದ ಹೆಸರು ಹೇಳಿ ಒಟಿಪಿ ಕೇಳುವ ಕರೆಗಳನ್ನು ಅಲ್ಲಿಯೇ ಕತ್ತರಿಸಿ.

ಪ್ರತಿಸ್ಪರ್ಧಿಗಳು ಕಡಿಮೆಯಾದರೆ ದರ ಏರುವ ಸಾಧ್ಯತೆಯಿದೆ, ಆದರೂ ಗೋಪುರಗಳು ಒಂದಾಗಿ ಸಿಗ್ನಲ್ ಸುಧಾರಿಸಲೂಬಹುದು. ಹೀಗಾಗಿ ಜೋಡಣೆಯ ನಂತರ ಕೆಲವು ವಾರ ಗಮನಿಸಿ, ತೃಪ್ತಿಯಾಗದಿದ್ದರೆ ಅದೇ ಸಂಖ್ಯೆಯನ್ನು ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಳ್ಳಿ. ಹಳೆಯ ಸಂಪರ್ಕವನ್ನು ಮಾತ್ರ ಪೋರ್ಟ್ ಮುಗಿಯುವವರೆಗೆ ರದ್ದುಪಡಿಸಬೇಡಿ.