ಚೀನಾದ ವಿಮಾನವಾಹಕ ನೌಕೆ ಎಷ್ಟು ಪಳಗಿದೆ? ನೀವೇ ಅಳೆದು ನೋಡುವುದು ಹೀಗೆ

ಚೀನಾದ ವಿಮಾನವಾಹಕ ನೌಕೆಯ ಸುದ್ದಿ ಬಂದಾಗಲೆಲ್ಲ ಟಿವಿಯಲ್ಲಿ ಒಂದೇ ಪಟ್ಟಿ. ಅಮೆರಿಕಕ್ಕೆ 11, ಚೀನಾಕ್ಕೆ 3, ನಮಗೆ 2. ಆಮೇಲೆ ವಾಟ್ಸಾಪ್ ಗುಂಪುಗಳಲ್ಲಿ ಅದೇ ಅಂಕಿ ಹಿಡಿದು ಜಗಳ. ಇನ್ನು ಹತ್ತು ವರ್ಷಕ್ಕೆ ಚೀನಾ ಎಲ್ಲರನ್ನೂ ಮೀರಿಸುತ್ತದೆ ಅಂತ ಒಬ್ಬರು, ಅದೆಲ್ಲ ಚೈನಾ ಮಾಲು, ಬಾಳಿಕೆ ಬರಲ್ಲ ಅಂತ ಇನ್ನೊಬ್ಬರು. ಇಬ್ಬರೂ ನೋಡಬೇಕಾದದ್ದನ್ನು ನೋಡಿಲ್ಲ. ದುಡ್ಡು, ಉಕ್ಕು, ಕಾರ್ಮಿಕರು ಇದ್ದರೆ ಹಡಗು ಕಟ್ಟಬಹುದು. ಅದರ ಮೇಲೆ ದಿನಾ ವಿಮಾನ ಏರಿಸಿ ಇಳಿಸುವ ವಿದ್ಯೆ ಮಾತ್ರ ಹಾಗೆ ಬರುವುದಿಲ್ಲ. ಆ ವಿದ್ಯೆ ಎಷ್ಟು ಕೈಗೆ ಹತ್ತಿದೆ ಅಂತ ಮನೆಯಲ್ಲೇ ಕೂತು ಅಂದಾಜು ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲ ಹೆಜ್ಜೆ: ಹಡಗಿನ ಹಿನ್ನೆಲೆ ತಿಳಿದುಕೊಳ್ಳಿ

ಇದಕ್ಕೆ ಹೆಚ್ಚು ಹೊತ್ತು ಬೇಡ. ಮೊದಲ ಹಡಗು ಲಿಯಾವೊನಿಂಗ್, ಸೋವಿಯತ್ ಒಕ್ಕೂಟ ಅರ್ಧಕ್ಕೆ ಬಿಟ್ಟುಹೋದ ವರ್ಯಾಗ್. 1998ರಲ್ಲಿ ಹಾಂಗ್‌ಕಾಂಗಿನ ಉದ್ಯಮಿಯೊಬ್ಬರು ತೇಲುವ ಕ್ಯಾಸಿನೊ ಮಾಡುತ್ತೇವೆ ಅಂತ ಹೇಳಿ ಉಕ್ರೇನಿನಿಂದ 2 ಕೋಟಿ ಡಾಲರಿಗೆ ಕೊಂಡರು. 2002ರ ಮಾರ್ಚಿನಲ್ಲಿ ಟಗ್ ದೋಣಿಗಳು ಅದನ್ನು ಡಾಲಿಯನ್ ಬಂದರಿಗೆ ಎಳೆದು ತಂದವು. 2012ರ ಸೆಪ್ಟೆಂಬರ್ 25ರಂದು ನೌಕಾಪಡೆಗೆ ಸೇರಿತು. ಶಾನ್‌ಡಾಂಗ್ ಎರಡನೆಯದು, ಚೀನಾದವರೇ ಕಟ್ಟಿದ್ದು, ಸೇರಿದ್ದು 2019ರಲ್ಲಿ. ಮೂರನೆಯದು ಫುಜಿಯಾನ್, ಸೇರಿದ್ದು 2025ರ ನವೆಂಬರ್ 5ರಂದು. ಇಷ್ಟು ಸಾಕು, ಟನ್ ಲೆಕ್ಕಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಎರಡನೇ ಹೆಜ್ಜೆ: ಹಡಗಿನ ಮೂತಿ ನೋಡಿ

ಲಿಯಾವೊನಿಂಗ್ ಮತ್ತು ಶಾನ್‌ಡಾಂಗ್ ಹಡಗುಗಳ ಮೂತಿ ಮೇಲಕ್ಕೆ ಬಾಗಿದೆ. ಇದಕ್ಕೆ ಸ್ಕೀ ಜಂಪ್ ಅನ್ನುತ್ತಾರೆ. ನಮ್ಮ ವಿಕ್ರಮಾದಿತ್ಯ, ವಿಕ್ರಾಂತ್ ಎರಡರದ್ದೂ ಹೀಗೆಯೇ. ಲಿಯಾವೊನಿಂಗ್ ಮೇಲೆ ಚೀನಾದ ಜೆ-15 ಯುದ್ಧವಿಮಾನಕ್ಕೆ ಓಡಲು ಸಿಗುವುದು ಸುಮಾರು 105 ಮೀಟರ್, ಉದ್ದದ ಜಾಗದಿಂದ ಹೊರಟರೆ 195 ಮೀಟರ್. ಅಷ್ಟರಲ್ಲಿ ತನ್ನದೇ ಎಂಜಿನ್ ಬಲದಿಂದ ಮೇಲೇಳಬೇಕು. ಹಾಗಾಗಿ ಇಂಧನವನ್ನೋ ಆಯುಧವನ್ನೋ ಕಮ್ಮಿ ಮಾಡಿಕೊಳ್ಳಲೇಬೇಕು.

ಫುಜಿಯಾನ್ ಮೂತಿ ಚಪ್ಪಟೆ. ಅದರಲ್ಲಿ ವಿದ್ಯುತ್ಕಾಂತದಿಂದ ನಡೆಯುವ ಮೂರು ಕ್ಯಾಟಪಲ್ಟ್‌ಗಳಿವೆ, ಅವು ವಿಮಾನವನ್ನು ಹಿಡಿದು ಮುಂದಕ್ಕೆ ಎಸೆಯುತ್ತವೆ. ಜೆ-15ಟಿ, ಜೆ-35 ಮತ್ತು ಕೆಜೆ-600 ಅದರಿಂದ ಹಾರಿದ ವಿಡಿಯೊವನ್ನು ಚೀನಾ 2025ರ ಸೆಪ್ಟೆಂಬರ್ 22ರಂದು ಬಿಡುಗಡೆ ಮಾಡಿತು. ಎಲ್ಲರೂ ರೇಡಾರಿಗೆ ಸುಲಭಕ್ಕೆ ಸಿಗದ ಜೆ-35 ಯುದ್ಧವಿಮಾನ ನೋಡಿ ಬೆರಗಾದರು. ನೀವು ಕೆಜೆ-600 ನೋಡಿ. ಬೆನ್ನ ಮೇಲೆ ದೊಡ್ಡ ರೇಡಾರ್ ತಟ್ಟೆ ಹೊತ್ತ ಪ್ರೊಪೆಲ್ಲರ್ ವಿಮಾನ ಅದು. ಹಳೆಯ ಎರಡು ಹಡಗುಗಳಲ್ಲಿ ದೂರದ ಶತ್ರುವನ್ನು ನೋಡುವ ಕೆಲಸ ಹೆಲಿಕಾಪ್ಟರಿನದು. ಹೆಲಿಕಾಪ್ಟರ್ ಹೆಚ್ಚು ಎತ್ತರ ಏರಲ್ಲ, ಹೆಚ್ಚು ಹೊತ್ತು ನಿಲ್ಲಲ್ಲ, ಆದ್ದರಿಂದ ದೂರವೂ ಕಾಣಲ್ಲ. ದೂರ ಕಾಣದ ಹಡಗಿನಲ್ಲಿ ಎಂಥ ಯುದ್ಧವಿಮಾನ ಇದ್ದರೂ ಅರ್ಧ ಶಕ್ತಿ ವ್ಯರ್ಥ.

ಮೂರನೇ ಹೆಜ್ಜೆ: ಇಳಿಯುವುದನ್ನು ನೋಡಿ, ಇದನ್ನೇ ನೋಡಿ

ಜನ ಹೆಚ್ಚು ಎಡವುವುದು ಇಲ್ಲೇ. ವಿಮಾನ ಹಾರುವ ದೃಶ್ಯ ಚೆಂದ, ಹಾಗಾಗಿ ಅದನ್ನೇ ಹಂಚುತ್ತಾರೆ. ವಿದ್ಯೆ ಇರುವುದು ಇಳಿಸುವುದರಲ್ಲಿ.

ನೆಲದ ರನ್‌ವೇಯಲ್ಲಿ ಪೈಲಟ್ ಕೊನೆಯಲ್ಲಿ ಮೂತಿಯನ್ನು ಸ್ವಲ್ಪ ಮೇಲೆತ್ತಿ, ಎಂಜಿನ್ ಬಲ ಇಳಿಸಿ, ಚಕ್ರವನ್ನು ಮೆಲ್ಲಗೆ ತಾಗಿಸುತ್ತಾನೆ. ಹಡಗಿನಲ್ಲಿ ಇದೆಲ್ಲ ತಪ್ಪು. ಅಲ್ಲಿ ಮೂತಿ ಎತ್ತುವ ಹಾಗಿಲ್ಲ. ಮೇಲಿನಿಂದ ಒಂದೇ ಓರೆಯಲ್ಲಿ ಬಂದು ಧಡ್ ಅಂತ ಡೆಕ್ಕಿಗೆ, ಅಂದರೆ ಹಡಗಿನ ಮೇಲಿನ ಬಯಲಿಗೆ, ಬಡಿಯಬೇಕು. ಬಡಿದ ಕ್ಷಣವೇ ಎಂಜಿನ್ನನ್ನು ಪೂರ್ತಿ ಬಲಕ್ಕೆ ಏರಿಸಬೇಕು. ನಿಲ್ಲಿಸಬೇಕಾದ ಹೊತ್ತಲ್ಲಿ ಬಲ ಏರಿಸುವುದಾ? ಹೌದು. ವಿಮಾನದ ಬಾಲದ ಕೆಳಗಿನ ಹುಕ್ಕು ಡೆಕ್ಕಿನ ಮೇಲೆ ಅಡ್ಡ ಹಾಕಿರುವ ಉಕ್ಕಿನ ಹಗ್ಗವನ್ನು ಹಿಡಿಯದೆ ಹೋದರೆ, ಮತ್ತೆ ಹಾರಿ ಹೋಗಲು ವೇಗ ಬೇಕಲ್ವಾ. ಬಲ ಇಳಿಸಿದ್ದರೆ ಡೆಕ್ ಮುಗಿದಲ್ಲಿ ಸಮುದ್ರ. ಹೀಗೆ ಹುಕ್ಕು ತಪ್ಪಿ ಮತ್ತೆ ಹಾರಿ ಹೋಗುವುದಕ್ಕೆ ಬೋಲ್ಟರ್ ಅನ್ನುತ್ತಾರೆ. ಅದು ಅವಮಾನವಲ್ಲ, ದಿನನಿತ್ಯದ್ದು. ಬೋಲ್ಟರ್ ಆದ ವಿಡಿಯೊ ಹಾಕಿ ‘ಚೀನಾ ಪೈಲಟ್ ಫೇಲ್’ ಅಂತ ಬರೆಯುವವರ ಮಾತು ನಂಬಬೇಡಿ.

ಲಿಯಾವೊನಿಂಗ್ ಮೇಲೆ ಇಂಥ ಹಗ್ಗ ನಾಲ್ಕಿವೆ. 20 ಟನ್ ದಾಟುವ ವಿಮಾನ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬಂದು, ಹಗ್ಗ ಹಿಡಿದು, ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು. ಪೈಲಟ್ ಬಹಳ ಕೆಳಗೆ ಬಂದರೆ ಹಡಗಿನ ಹಿಂಭಾಗಕ್ಕೇ ಡಿಕ್ಕಿ. ಬಹಳ ಮೇಲಿದ್ದರೆ ಎಲ್ಲ ಹಗ್ಗಗಳನ್ನೂ ದಾಟಿಬಿಡುತ್ತಾನೆ.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದೇ ಇಲ್ಲ. ಇಳಿಯುವ ರನ್‌ವೇ ಹಡಗಿನ ಉದ್ದಕ್ಕೆ ನೇರವಾಗಿಲ್ಲ, ಸ್ವಲ್ಪ ಎಡಕ್ಕೆ ಓರೆ. ಹಡಗು ಮುಂದೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಪೈಲಟ್ ಕಣ್ಣಿಗೆ ಅವನ ರನ್‌ವೇ ಸತತವಾಗಿ ಬಲಕ್ಕೆ ಸರಿಯುತ್ತಿರುತ್ತದೆ. ಅವನು ಸರಿಪಡಿಸುತ್ತಲೇ ಇರಬೇಕು. ಜೊತೆಗೆ ಅಲೆಗೆ ಡೆಕ್ ಏರಿಳಿಯುತ್ತದೆ, ಹಡಗಿನ ಮೇಲಿನ ಕಟ್ಟಡದ ಹಿಂದೆ ಗಾಳಿ ಸುಳಿಯುತ್ತದೆ. ದಾರಿ ತೋರಿಸಲು ಡೆಕ್ಕಿನ ಎಡಗಡೆ ಒಂದು ದೀಪದ ವ್ಯವಸ್ಥೆ ಇದೆ. ಸರಿಯಾದ ಎತ್ತರದಲ್ಲಿದ್ದರೆ ಒಂದು ಬಣ್ಣ, ತೀರಾ ಕೆಳಗಿಳಿದರೆ ಕೆಂಪು. ಅದರ ಹತ್ತಿರವೇ ಒಬ್ಬ ಹಿರಿಯ ಪೈಲಟ್ ನಿಂತು ರೇಡಿಯೊದಲ್ಲಿ ತಿದ್ದುತ್ತಿರುತ್ತಾನೆ. ಅವನು ಬೇಡ ಅಂದರೆ ಬೇಡ, ವಿಮಾನ ಇಳಿಯುವಂತಿಲ್ಲ. ಈ ಜಾಗದಲ್ಲಿ ನಿಲ್ಲುವವನು ತಾನೇ ನೂರಾರು ಸಲ ಇಳಿದು ಕಲಿತವನಾಗಿರಬೇಕು, ಪುಸ್ತಕ ಓದಿ ಬರುವ ಕಣ್ಣಲ್ಲ ಅದು.

ಇನ್ನು ಹಗ್ಗ. ಪ್ರತಿ ವಿಮಾನ ಬರುವ ಮುಂಚೆ ಅದರ ತೂಕಕ್ಕೆ ತಕ್ಕ ಹಾಗೆ ಹಗ್ಗದ ಎಳೆತವನ್ನು ಹೊಂದಿಸಬೇಕು. ಇಳಿದ ಮೇಲೆ ಹಗ್ಗವನ್ನು ಹಿಂದಕ್ಕೆ ಎಳೆದು, ಎಳೆ ಕಿತ್ತಿದೆಯಾ ನೋಡಿ, ಮುಂದಿನ ವಿಮಾನಕ್ಕೆ ಸಿದ್ಧ ಮಾಡಬೇಕು. ಇದರಲ್ಲಿ ಉದಾಸೀನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ರಷ್ಯಾದ ವಿಮಾನವಾಹಕ ನೌಕೆ ಕುಜ್ನೆತ್ಸೊವ್ ನೋಡಿ. 2016ರ ನವೆಂಬರಿನಲ್ಲಿ ಸಿರಿಯಾ ಹತ್ತಿರ ಹಗ್ಗದ ವ್ಯವಸ್ಥೆ ಕೆಟ್ಟು, ಸರಿ ಮಾಡುವವರೆಗೂ ಒಂದು ಮಿಗ್-29ಕೆ ಯುದ್ಧವಿಮಾನ ಆಕಾಶದಲ್ಲೇ ಸುತ್ತುತ್ತಾ ಕಾದಿತು, ಇಂಧನ ಮುಗಿದು ಸಮುದ್ರಕ್ಕೆ ಬಿತ್ತು. ಡಿಸೆಂಬರಿನಲ್ಲಿ ಹಗ್ಗವೇ ತುಂಡಾಗಿ ಒಂದು ಸುಖೋಯ್-33 ಹೋಯಿತು. ಪೈಲಟ್‌ಗಳಿಬ್ಬರೂ ಹಾರಿ ಬದುಕಿದರು. ಹಡಗು ಹಳೆಯದು ಅನ್ನುವುದಕ್ಕಿಂತ, ಅಭ್ಯಾಸ ತಪ್ಪಿಹೋದ ನೌಕಾಪಡೆ ಹೀಗಾಗುತ್ತದೆ ಅಂತ ನಾನು ಹೇಳುತ್ತೇನೆ.

ಪಳಗಿದವರಿಗೂ ತಪ್ಪಿದ್ದಲ್ಲ. 2022ರ ಜನವರಿ 24ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ಎಫ್-35ಸಿ ವಿಮಾನವೊಂದು ಕಾರ್ಲ್ ವಿನ್ಸನ್ ಹಡಗಿನ ಹಿಂಭಾಗಕ್ಕೆ ಬಡಿದು ಸಮುದ್ರ ಪಾಲಾಯಿತು, 7 ಮಂದಿಗೆ ಗಾಯ. ಜೆಟ್ ಯುಗದ ಶುರುವಿನಲ್ಲಿ ಪರಿಸ್ಥಿತಿ ಇನ್ನೂ ಭಯಂಕರ. 1954ರ ಒಂದೇ ವರ್ಷದಲ್ಲಿ ಅಮೆರಿಕದ ನೌಕಾಪಡೆ ಮತ್ತು ಮರೀನ್ ಪಡೆ ಸೇರಿ 776 ವಿಮಾನ, 535 ಜನರನ್ನು ಕಳೆದುಕೊಂಡವು.

ಚೀನಾ ಕಲಿತ ದಾರಿಯನ್ನು ಇಲ್ಲಿಟ್ಟು ನೋಡಿ. ಡಾಯ್ ಮಿಂಗ್‌ಮೆಂಗ್ ಅನ್ನುವ ಪೈಲಟ್ 2012ರ ನವೆಂಬರಿನಲ್ಲಿ ಲಿಯಾವೊನಿಂಗ್ ಮೇಲೆ ಮೊದಲ ಸಲ ಜೆ-15 ಇಳಿಸಿದರು. ಆ ವಿಮಾನ ತಯಾರಿಯ ಹೊಣೆ ಹೊತ್ತಿದ್ದ ಲುವೊ ಯಾಂಗ್ ಪರೀಕ್ಷೆ ಮುಗಿದ ನವೆಂಬರ್ 25ರಂದೇ ಹೃದಯಾಘಾತದಿಂದ ತೀರಿಕೊಂಡರು. 2016ರ ಏಪ್ರಿಲ್‌ನಲ್ಲಿ ಎರಡು ಅಪಘಾತ. ಪೈಲಟ್ ಕಾವೊ ಶಿಯಾಂಜಿಯಾನ್ ವಿಮಾನದಿಂದ ಹೊರಹಾರಿ ಸಮುದ್ರಕ್ಕೆ ಬಿದ್ದು ಗಾಯಗೊಂಡರು, ಆಮೇಲೆ ಮತ್ತೆ ಹಾರಿದರು. ಜಾಂಗ್ ಚಾವೊ ನೆಲದ ಮೇಲೆ ಹಡಗಿನಂತೆಯೇ ಇಳಿಯುವ ಅಭ್ಯಾಸ ಮಾಡುತ್ತಿದ್ದಾಗ, ಚಕ್ರ ನೆಲ ಮುಟ್ಟಿದ ಮೇಲೆ ವಿಮಾನದ ನಿಯಂತ್ರಣ ಕೆಟ್ಟು ಮೂತಿ ಆಕಾಶಕ್ಕೆ ಎದ್ದಿತು. ಹೊರಹಾರಿದಾಗ ಎತ್ತರ ಸಾಲಲಿಲ್ಲ. 29 ವರ್ಷಕ್ಕೇ ಹೋದರು. ಈ ಸಾವುಗಳನ್ನು ಹಾಸ್ಯ ಮಾಡುವ ಪೋಸ್ಟುಗಳನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ. ಈ ವಿದ್ಯೆಗೆ ಎಲ್ಲ ದೇಶದ ಹುಡುಗರೂ ಇದೇ ಬೆಲೆ ಕೊಟ್ಟಿದ್ದಾರೆ.

ವಿಡಿಯೊ ಆರಿಸುವಾಗ ಒಂದು ಎಚ್ಚರಿಕೆ. ಸಂಗೀತ ಹಾಕಿ, ಕತ್ತರಿಸಿ, ನಿಧಾನಗೊಳಿಸಿದ್ದು ಬೇಡವೇ ಬೇಡ. ಕಂಪ್ಯೂಟರ್ ಗೇಮಿನ ದೃಶ್ಯವನ್ನು ನಿಜ ಅಂತ ತೋರಿಸುವ ಚಾನೆಲ್‌ಗಳು ಬಹಳ, ಮುಚ್ಚಿಬಿಡಿ. ಕತ್ತರಿಸದ ಒಂದು ನಿಮಿಷ ಸಿಕ್ಕರೆ ಸಾಕು. ವಿಮಾನ ಯಾವ ಹಗ್ಗ ಹಿಡಿಯಿತು, ಅದು ಪಕ್ಕಕ್ಕೆ ಸರಿಯಲು ಎಷ್ಟು ಹೊತ್ತಾಯಿತು, ಹಿಂದೆಯೇ ಇನ್ನೊಂದು ಬಂತಾ ನೋಡಿ. ಒಂದು ವಿಮಾನ ಇಳಿಸಿ ಚಪ್ಪಾಳೆ ತಟ್ಟುವುದು ಪರೀಕ್ಷೆ. ಹತ್ತು ವಿಮಾನ ಸಾಲಾಗಿ ಇಳಿಸುವುದು ನೌಕಾಪಡೆ.

ರಾತ್ರಿ ಇಳಿಯುವುದು ಬೇರೆಯೇ ಲೋಕ. ಲಿಯಾವೊನಿಂಗ್ ಮೇಲೆ ರಾತ್ರಿ ಇಳಿದದ್ದನ್ನು ಚೀನಾ ಹೇಳಿಕೊಂಡದ್ದು 2018ರಲ್ಲಿ, ಮೊದಲ ಹಗಲಿನ ಲ್ಯಾಂಡಿಂಗ್ ಆಗಿ ಸುಮಾರು ಐದೂವರೆ ವರ್ಷದ ಮೇಲೆ.

ನಾಲ್ಕನೇ ಹೆಜ್ಜೆ: ಎಣಿಸಲೇಬೇಕೆಂದರೆ ಹಾರಾಟ ಎಣಿಸಿ

ಜಪಾನಿನ ರಕ್ಷಣಾ ಇಲಾಖೆ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಚೀನಾದ ಹಡಗು ಪೆಸಿಫಿಕ್ ಸಾಗರಕ್ಕೆ ಬಂದಾಗ ಜಪಾನಿನ ಹಡಗುಗಳು ಹಿಂದೆಯೇ ಇದ್ದು, ಎಷ್ಟು ಸಲ ವಿಮಾನ ಏರಿತು, ಇಳಿಯಿತು ಅಂತ ಪ್ರಕಟಿಸುತ್ತವೆ. 2022ರ ಮೇ ತಿಂಗಳಲ್ಲಿ ಲಿಯಾವೊನಿಂಗ್‌ನದು 300 ದಾಟಿತ್ತು. ಇದರಲ್ಲಿ ಹೆಲಿಕಾಪ್ಟರ್ ಎಷ್ಟು, ಯುದ್ಧವಿಮಾನ ಎಷ್ಟು ಅಂತ ಬೇರ್ಪಡಿಸಿ ನೋಡಿ, ಎರಡನ್ನೂ ಕಲಸಿದ ಅಂಕಿ ಮೋಸ. 2025ರ ಜೂನ್‌ನಲ್ಲಿ ಲಿಯಾವೊನಿಂಗ್, ಶಾನ್‌ಡಾಂಗ್ ಎರಡೂ ಒಟ್ಟಿಗೆ ಪೆಸಿಫಿಕ್‌ನಲ್ಲಿದ್ದವು. ಈ ಸುದ್ದಿ ಮೂರನೇ ಹಡಗಿನ ಉದ್ಘಾಟನೆಗಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಅಡ್ಡದಾರಿಯೂ ಇದೆ: ಪರದೇಶದ ಗುರುಗಳು. ಬ್ರಿಟನ್ನಿನ ಸುಮಾರು 30 ಮಾಜಿ ಸೇನಾ ಪೈಲಟ್‌ಗಳು ಚೀನಾದವರಿಗೆ ತರಬೇತಿ ಕೊಡಲು ಹೋಗಿದ್ದಾರೆ ಅಂತ 2022ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಸಿತು. ಗುರು ಸಿಕ್ಕರೆ ಕೆಲವು ವರ್ಷ ಉಳಿಯಬಹುದು. ಡೆಕ್ಕಿನ ಮೇಲಿನ ಸಾವಿರಾರು ಜನರನ್ನು ಪಳಗಿಸಲು ಅದು ಸಾಲದು.

ಐದನೇ ಹೆಜ್ಜೆ: ಬೆಂಕಿಯ ಬಗ್ಗೆ ಕೇಳಿ

ಇಂಧನ, ಬಾಂಬು, ಬಿಸಿ ಎಂಜಿನ್, ಎಲ್ಲ ಒಂದೇ ಕಡೆ. 1967ರಲ್ಲಿ ಅಮೆರಿಕದ ಫಾರೆಸ್ಟಲ್ ಹಡಗಿನಲ್ಲಿ ಒಂದು ರಾಕೆಟ್ ತಾನಾಗಿ ಹೊತ್ತಿಕೊಂಡು ಹಾರಿ 134 ಜನ ಸತ್ತರು. ಅಲ್ಲಿಂದ ಬೆಂಕಿ ಆರಿಸುವುದು ಅಡುಗೆಯವನಿಂದ ಹಿಡಿದು ಎಲ್ಲರ ಕೆಲಸವಾಯಿತು. ನಮ್ಮ ವಿಕ್ರಮಾದಿತ್ಯ 2019ರ ಏಪ್ರಿಲ್ 26ರಂದು ಕಾರವಾರ ಬಂದರಿಗೆ ಬರುತ್ತಿದ್ದಾಗ ಬೆಂಕಿ ಹತ್ತಿ, ಅದನ್ನು ಆರಿಸಲು ಮುಂದೆ ನಿಂತ ಯುವ ಅಧಿಕಾರಿಯೊಬ್ಬರು ಪ್ರಾಣ ಕೊಟ್ಟರು. ಚೀನಾದ ಹಡಗುಗಳ ಈ ಪರೀಕ್ಷೆ ಹೊರಗಿನವರಿಗೆ ಕಾಣುವುದಿಲ್ಲ, ಹಾಗಾಗಿ ನಿಮ್ಮ ಅಂದಾಜಿನಲ್ಲಿ ಈ ಜಾಗ ಖಾಲಿ ಬಿಡಿ. ಊಹೆಯಿಂದ ತುಂಬಬೇಡಿ.

ಕೊನೆಯ ಹೆಜ್ಜೆ: ಇದೇ ಅಳತೆಗೋಲನ್ನು ನಮಗೂ ಹಿಡಿಯಿರಿ

ಇದನ್ನು ಮಾಡದವರೇ ಜಾಸ್ತಿ. ನಮಗೆ ಅನುಭವ ಇದೆ, 1961ರಿಂದ ವಿಮಾನವಾಹಕ ನೌಕೆ ನಡೆಸುತ್ತಿದ್ದೇವೆ. ಗೋವಾದ ಐಎನ್‌ಎಸ್ ಹಂಸದಲ್ಲಿ ನೆಲದ ಮೇಲೆಯೇ ಸ್ಕೀ ಜಂಪ್ ಮತ್ತು ಹಗ್ಗ ಇರುವ ಅಭ್ಯಾಸದ ಜಾಗ ಇದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾಪಡೆ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿಯಿತು. ವಿಕ್ರಾಂತ್ ಮೇಲೆ ಮಿಗ್-29ಕೆ ರಾತ್ರಿ ಇಳಿದದ್ದು 2023ರ ಮೇ ತಿಂಗಳಲ್ಲಿ, ಹಡಗು ಸೇವೆಗೆ ಸೇರಿ ಒಂಬತ್ತು ತಿಂಗಳೂ ಆಗಿರಲಿಲ್ಲ. ಹಳೆಯ ಅನುಭವ ಇದ್ದರೆ ಕಲಿಕೆ ಎಷ್ಟು ಬೇಗ ಆಗುತ್ತದೆ ನೋಡಿ.

ಆದರೆ ಹಾರಲು ವಿಮಾನ ಸಿದ್ಧ ಇರಬೇಕಲ್ಲ. ಮಿಗ್-29ಕೆ ಹಾರಲು ಸಿದ್ಧವಿದ್ದ ಪ್ರಮಾಣ ಶೇ 15.93ರಿಂದ 37.63 ಮಾತ್ರ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2016ರಲ್ಲಿ ವರದಿ ಮಾಡಿತ್ತು. 2025ರ ಏಪ್ರಿಲ್‌ನಲ್ಲಿ 26 ರಫೇಲ್ ಮರೀನ್ ವಿಮಾನಗಳಿಗೆ ಒಪ್ಪಂದ ಆಗಿದೆ. ಅದರಲ್ಲಿ ಹಡಗಿಗೆ ಬರುವಂಥವು ಒಂದೇ ಸೀಟಿನ 22. ಎರಡು ಸೀಟಿನ 4 ವಿಮಾನ ನೆಲದ ಮೇಲಿನ ತರಬೇತಿಗೆ.